ಕೆಂಪು ವೈನ್‌ಗೆ ಗಾಜಿನ ಡಿಕ್ಯಾಂಟರ್: ಸೀಸೆ ಇರಲಿ, ಸೀಸ ಬೇಡ

ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿದ ನಂತರ ರಾಜ್ಯದ ನಗರಗಳಲ್ಲಿ ವೈನ್ ಪರಿಚಿತ ಪಾನೀಯವಾಗಿದೆ. ನಂದಿ ಬೆಟ್ಟದ ತಪ್ಪಲಿನಲ್ಲಿ ಬೆಳೆಯುವ ಕ್ಯಾಬರ್ನೆ ಸುವಿನ್ಯೊ, ಶಿರಾಜ್ ದ್ರಾಕ್ಷಿಗಳ ಕೆಂಪು ವೈನ್ ಊಟದ ಮೇಜಿಗೆ ಬಂದಂತೆ, ಅದರ ಬೆನ್ನಿಗೇ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಯೂ ಮನೆಗಳನ್ನು ಸೇರತೊಡಗಿದೆ. ಇದರ ಬೆಲೆ ಕೆಲವು ನೂರು ರೂಪಾಯಿಗಳಿಂದ ಹತ್ತಾರು ಸಾವಿರ ರೂಪಾಯಿಗಳವರೆಗೂ ಇದೆ. ಹೆಚ್ಚು ಹಣ ತೆತ್ತರೆ ವೈನಿನ ರುಚಿಯೂ ಹೆಚ್ಚುವುದೇ? ಖಂಡಿತ ಇಲ್ಲ. ಅಷ್ಟೇ ಅಲ್ಲ, ಹಳೆಯ ಕಾಲದ ದುಬಾರಿ ಸ್ಫಟಿಕದ ಡಿಕ್ಯಾಂಟರ್ ಆರೋಗ್ಯಕ್ಕೆ ಹಾನಿಯನ್ನೂ ಉಂಟುಮಾಡಬಲ್ಲದು.

ಹೂಜಿ ಮಾಡುವ ಕೆಲಸವೇನು?

ಡಿಕ್ಯಾಂಟರ್‌ನ ಕೆಲಸಗಳು ಎರಡೇ. ಮೊದಲನೆಯದು ಗಸಿಯನ್ನು ಬೇರ್ಪಡಿಸುವುದು. ಬಹಳ ವರ್ಷ ಬಾಟಲಿಯಲ್ಲಿ ಉಳಿದ ಕೆಂಪು ವೈನಿನಲ್ಲಿ ಬಣ್ಣದ ಅಂಶಗಳು ಮತ್ತು ಟ್ಯಾನಿನ್ ಒಗ್ಗೂಡಿ ತಳದಲ್ಲಿ ಗಸಿಯಾಗಿ ನಿಲ್ಲುತ್ತವೆ. ಇದರಿಂದ ಅಪಾಯವಿಲ್ಲ, ಆದರೆ ಲೋಟಕ್ಕೆ ಬಂದರೆ ಬಾಯಿಗೆ ಕಹಿ, ನಾಲಗೆಗೆ ಮರಳು ತಾಗಿದ ಅನುಭವ. ಎರಡನೆಯದು ವೈನಿಗೆ ಗಾಳಿ ತಾಗಿಸುವುದು. ಎಳೆಯ ವೈನಿನಲ್ಲಿ ಕೆಲವೊಮ್ಮೆ ಬೆಂಕಿಕಡ್ಡಿ ಗೀರಿದಂತಹ ಅಥವಾ ಕೊಳೆತ ಮೊಟ್ಟೆಯಂತಹ ಗಂಧಕದ ವಾಸನೆ ಇರುತ್ತದೆ. ಗಾಳಿ ತಾಗಿದಾಗ ಅದು ತಗ್ಗಿ, ಹಣ್ಣಿನ ಪರಿಮಳ ಮೇಲೆದ್ದು, ಒಗರು ಮೃದುವಾದಂತೆ ಅನಿಸುತ್ತದೆ.

ಬಿರಡೆ ತೆಗೆದು ಬಾಟಲಿಯನ್ನು ಹಾಗೆಯೇ ಇಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಬಾಟಲಿಯ ಕತ್ತಿನ ಒಳವ್ಯಾಸ ಸುಮಾರು 2 ಸೆಂಟಿಮೀಟರ್. ಅಲ್ಲಿ ಗಾಳಿಗೆ ತೆರೆದುಕೊಳ್ಳುವ ವೈನಿನ ಮೇಲ್ಮೈ ಕೇವಲ 3 ಚದರ ಸೆಂಟಿಮೀಟರ್. ಅದೇ 750 ಮಿಲಿಲೀಟರ್ ವೈನನ್ನು 20 ಸೆಂಟಿಮೀಟರ್ ಅಗಲದ ಹೂಜಿಗೆ ಸುರಿದರೆ ಮೇಲ್ಮೈ 300 ಚದರ ಸೆಂಟಿಮೀಟರ್ ಮೀರುತ್ತದೆ. ವೈನಿನ ಆಳ ಎರಡೂವರೆ ಸೆಂಟಿಮೀಟರ್ ಕೂಡ ಇರುವುದಿಲ್ಲ. ನೂರು ಪಟ್ಟಿನ ಈ ವ್ಯತ್ಯಾಸವೇ ಡಿಕ್ಯಾಂಟರ್‌ನ ಗುಟ್ಟು. ಅದನ್ನು ಒದಗಿಸುವುದು ಆಕಾರವೇ ಹೊರತು ಗಾಜಿನ ಬೆಲೆಯಲ್ಲ.

ಆಯ್ಕೆಯ ಅಂಶಗಳು

ಒಂದು ಬಾಟಲಿ ಪೂರ್ತಿ ಹಿಡಿದ ಮೇಲೂ ಅರ್ಧದಷ್ಟು ಖಾಲಿ ಉಳಿಯುವ, ಅಂದರೆ ಸುಮಾರು ಒಂದೂವರೆ ಲೀಟರ್ ಹಿಡಿಸುವ ಹೂಜಿ ಸೂಕ್ತ. 750 ಮಿಲಿಲೀಟರ್ ಸುರಿದಾಗ ವೈನಿನ ಮಟ್ಟ ಹೂಜಿಯ ಹೊಟ್ಟೆಯ ಅತಿ ಅಗಲವಾದ ಭಾಗಕ್ಕೆ ಬರಬೇಕು. ಕತ್ತು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿಯುವಂತಿರಬೇಕು. ಬಾಯಿ ಹನಿ ತೊಟ್ಟಿಕ್ಕದೆ ಸುರಿಯುವಂತಿರಬೇಕು. ಗಾಜು ಬಣ್ಣವಿಲ್ಲದೆ, ಚಿತ್ತಾರವಿಲ್ಲದೆ ತಿಳಿಯಾಗಿದ್ದರೆ ವೈನಿನ ಬಣ್ಣ, ಗಸಿ ಎರಡೂ ಕಣ್ಣಿಗೆ ಕಾಣುತ್ತವೆ.

ಹಂಸದ ಕತ್ತು, ಹಾವಿನ ಸುರುಳಿ ಮೊದಲಾದ ಆಕಾರಗಳು ನೋಡಲು ಚೆಂದ. ಆದರೆ ಅವುಗಳ ಒಳಭಾಗಕ್ಕೆ ಬ್ರಷ್ ತಲುಪುವುದಿಲ್ಲ, ಒಣಗುವುದೂ ಕಷ್ಟ. ಕೊಳ್ಳುವ ಮುನ್ನ ಇದನ್ನು ತೊಳೆಯುವುದು ಹೇಗೆಂದು ಒಮ್ಮೆ ಯೋಚಿಸುವುದು ಲೇಸು.

ಡಿಕ್ಯಾಂಟರ್ ಎಂಬ ಹೆಸರಿನ ವಸ್ತುವೇ ಬೇಕೆಂದಿಲ್ಲ. ಪಾತ್ರೆ ಅಂಗಡಿಯಲ್ಲಿ ಸಿಗುವ ಅಗಲ ಹೊಟ್ಟೆಯ ಸಾದಾ ಗಾಜಿನ ಜಗ್ ಕೂಡ ಇದೇ ಕೆಲಸ ಮಾಡುತ್ತದೆ. ಪ್ರಯೋಗಾಲಯದ ಉಪಕರಣಗಳಿಗೆ ಬಳಸುವ ಬೋರೋಸಿಲಿಕೇಟ್ ಗಾಜಿನ ಜಗ್ ಇನ್ನೂ ಉತ್ತಮ. ಅದು ಬಿಸಿನೀರನ್ನು ತಾಳಿಕೊಳ್ಳುತ್ತದೆ, ಹಗುರವೂ ಆಗಿರುತ್ತದೆ.

ಸ್ಫಟಿಕದಲ್ಲಿ ಸೀಸ

ಮಾರುಕಟ್ಟೆಯಲ್ಲಿ ‘ಕ್ರಿಸ್ಟಲ್’ ಎನ್ನುವುದು ನಿಜವಾದ ಸ್ಫಟಿಕವಲ್ಲ. ಇಂಗ್ಲೆಂಡಿನ ಜಾರ್ಜ್ ರಾವೆನ್ಸ್‌ಕ್ರಾಫ್ಟ್ 1674ರಲ್ಲಿ ಹೊಸ ಬಗೆಯ ಹೊಳೆಯುವ ಗಾಜಿಗೆ ಪೇಟೆಂಟ್ ಪಡೆದನು. ಸೀಸದ ಆಕ್ಸೈಡ್ ಬೆರೆತ ಗಾಜು ಅಲ್ಲಿಂದ ಪ್ರಸಿದ್ಧಿಗೆ ಬಂದಿತು. ಯುರೋಪಿನ 1969ರ ನಿಯಮದಂತೆ ಶೇ 24ರಷ್ಟು ಸೀಸದ ಆಕ್ಸೈಡ್ ಇದ್ದರೆ ಅದು ಸೀಸದ ಕ್ರಿಸ್ಟಲ್. ಶೇ 30ರಷ್ಟಿದ್ದರೆ ಪೂರ್ಣ ಪ್ರಮಾಣದ ಸೀಸದ ಕ್ರಿಸ್ಟಲ್.

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬಾರದೆಂಬುದು ನಮ್ಮ ಅಡುಗೆಮನೆಗಳಿಗೆ ತಿಳಿದ ಸಂಗತಿ. ಹುಣಿಸೆಯ ಆಮ್ಲ ಲೋಹವನ್ನು ಕರಗಿಸಿಕೊಳ್ಳುತ್ತದೆ. ವೈನ್ ಕೂಡ ಆಮ್ಲೀಯ ದ್ರವವೇ. ಅದು ಗಾಜಿನೊಳಗಿನ ಸೀಸವನ್ನು ನಿಧಾನವಾಗಿ ಹೊರಗೆಳೆಯುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರಾದ ಜೋಸೆಫ್ ಗ್ರಾಜಿಯಾನೊ ಮತ್ತು ಕಾನ್ರಾಡ್ ಬ್ಲಮ್ 1991ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಅಂಕಿಅಂಶ ಸಹಿತ ತೋರಿಸಿದರು. ಲೀಟರಿಗೆ 89 ಮೈಕ್ರೊಗ್ರಾಂ ಸೀಸವಿದ್ದ ಪೋರ್ಟ್ ವೈನನ್ನು ಕ್ರಿಸ್ಟಲ್ ಡಿಕ್ಯಾಂಟರ್‌ಗಳಲ್ಲಿ ನಾಲ್ಕು ತಿಂಗಳು ಇಟ್ಟಾಗ ಆ ಪ್ರಮಾಣ 2,000ದಿಂದ 5,000 ಮೈಕ್ರೊಗ್ರಾಂ ದಾಟಿತ್ತು. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ ಮಾತ್ರ ಎಂಬುದನ್ನು ನೆನೆದರೆ ಇದರ ಗಂಭೀರತೆ ಅರ್ಥವಾಗುತ್ತದೆ. ಸೀಸ ದೇಹದಲ್ಲಿ ಶೇಖರವಾಗುವ ವಿಷ. ನರಮಂಡಲ, ಮೂತ್ರಪಿಂಡ ಮತ್ತು ರಕ್ತದೊತ್ತಡದ ಮೇಲೆ ದುಷ್ಪರಿಣಾಮ ಬೀರುತ್ತದೆ.

ಆದ್ದರಿಂದ ‘ಸೀಸರಹಿತ’ ಎಂಬ ಮುದ್ರೆಯಿರುವ ಹೂಜಿಯನ್ನೇ ಕೊಳ್ಳಬೇಕು. ಹಿರಿಯರಿಂದ ಬಂದ ಅಥವಾ ಹಳೆಯ ವಸ್ತುಗಳ ಅಂಗಡಿಯಲ್ಲಿ ಕೊಂಡ ಡಿಕ್ಯಾಂಟರ್ ಗಾತ್ರಕ್ಕೆ ಮೀರಿ ಭಾರವಾಗಿದ್ದು, ಬೆರಳಿನಿಂದ ತಟ್ಟಿದಾಗ ಗಂಟೆಯಂತೆ ದೀರ್ಘವಾಗಿ ನಾದ ಹೊಮ್ಮಿಸಿದರೆ ಅದರಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ಸೀಸರಹಿತವಾದ ಕೆಲವು ಗಾಜುಗಳೂ ಹೀಗೆ ನಾದ ಕೊಡುವುದರಿಂದ ಇದು ಕೊನೆಯ ತೀರ್ಮಾನವಲ್ಲ. ಸಂಶಯವಿದ್ದಲ್ಲಿ ಷೋಕೇಸಿನಲ್ಲಿಡುವುದೇ ಕ್ಷೇಮ. ಅಂತಹ ಹೂಜಿಯಲ್ಲಿ ವೈನ್, ಬ್ರಾಂದಿ, ಹಣ್ಣಿನ ರಸ ಯಾವುದನ್ನೂ ತುಂಬಿಡಬಾರದು.

ಬಳಸುವ ಕ್ರಮ

ಹಳೆಯ ವೈನ್ ಆಗಿದ್ದರೆ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಸಿ ತಳ ಸೇರಲು ಬಿಡಬೇಕು. ಬಿರಡೆಯನ್ನು ಅಲುಗದಂತೆ ತೆಗೆದು, ಕತ್ತಿನ ಹಿಂದೆ ಮೇಣದ ಬತ್ತಿ ಅಥವಾ ಟಾರ್ಚ್ ಬೆಳಕು ಇಟ್ಟುಕೊಂಡು, ನಡುವೆ ನಿಲ್ಲಿಸದೆ ನಿಧಾನವಾಗಿ ಹೂಜಿಗೆ ಬಗ್ಗಿಸಬೇಕು. ಗಸಿ ಬಾಟಲಿಯ ಹೆಗಲಿಗೆ ಬಂದೊಡನೆ ನಿಲ್ಲಿಸಬೇಕು. ಕೊನೆಯ ಒಂದೆರಡು ಗುಟುಕು ಬಾಟಲಿಯಲ್ಲೇ ಉಳಿದರೆ ನಷ್ಟವಿಲ್ಲ.

ಎಳೆಯ ವೈನಿಗೆ ಇಷ್ಟು ನಾಜೂಕು ಅನಗತ್ಯ. ತುಸು ಎತ್ತರದಿಂದ ಧಾರೆಯಾಗಿ ಸುರಿದು, ಹೂಜಿಯನ್ನು ಮೆಲ್ಲಗೆ ಸುತ್ತ ಅಲುಗಿಸಿದರೆ ಸಾಕು. ಕ್ಯಾಬರ್ನೆ, ಶಿರಾಜ್‌ನಂತಹ ಒಗರಿನ ವೈನನ್ನು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಬಿಟ್ಟು, ನಡುನಡುವೆ ಒಂದು ಗುಟುಕು ಸವಿದು ನಿರ್ಧರಿಸಬಹುದು. ಹಳೆಯ ವೈನಿಗೆ ಕಾಯುವುದೇ ಅಪಾಯ. ಅದರ ಸೂಕ್ಷ್ಮ ಪರಿಮಳ ಬೇಗ ಹಾರಿಹೋಗುತ್ತದೆ. ಬೋರ್ಡೊದ ಖ್ಯಾತ ವೈನ್ ವಿಜ್ಞಾನಿ ಎಮಿಲ್ ಪೇನೋ ಗಸಿ ತೆಗೆಯುವ ಅಗತ್ಯವಿದ್ದಲ್ಲಿ ಮಾತ್ರ, ಅದೂ ಬಡಿಸುವ ಸ್ವಲ್ಪ ಮುನ್ನವಷ್ಟೇ, ಡಿಕ್ಯಾಂಟರ್ ಬಳಸಬೇಕೆಂದು ಪ್ರತಿಪಾದಿಸಿದ್ದರು. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನಿಗೆ ಡಿಕ್ಯಾಂಟರ್ ಬೇಕಾಗುವುದಿಲ್ಲ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಂಪು ಮನೆಗಳಿಗೆ ಹೊಂದುವಂಥದ್ದು. ಅಲ್ಲಿನ ಲೆಕ್ಕ 16ರಿಂದ 18 ಡಿಗ್ರಿ ಸೆಲ್ಸಿಯಸ್. ಮಂಗಳೂರು, ಕಲಬುರಗಿಯ ಬೇಸಿಗೆಯಲ್ಲಿ 30 ಡಿಗ್ರಿ ದಾಟಿದ ಕೋಣೆಯಲ್ಲಿ ಹೂಜಿಯಿಟ್ಟರೆ ಪರಿಮಳಕ್ಕಿಂತ ಮದ್ಯಸಾರದ ಘಾಟೇ ಮುಂದಾಗುತ್ತದೆ. ಬಾಟಲಿಯನ್ನು ಮೊದಲೇ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ನಂತರ ಸುರಿಯುವುದು ಉಚಿತ.

ಶುಚಿತ್ವ

ಬಳಸಿದ ರಾತ್ರಿಯೇ ಹೂಜಿಯನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು. ಸಾದಾ ಗಾಜಿಗೆ ಕುದಿನೀರು ಹಾಕಿದರೆ ಬಿರುಕು ಬಿಡಬಹುದು. ಸೋಪಿನ ವಾಸನೆ ಒಳಗೆ ಉಳಿದು ಮುಂದಿನ ವೈನನ್ನು ಕೆಡಿಸುವುದರಿಂದ ಸೋಪು ಬೇಡ. ಕೆಂಪು ಕಲೆ ಕುಳಿತಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ವಿನೆಗರ್ ಮತ್ತು ನೀರು ಹಾಕಿ ಚೆನ್ನಾಗಿ ಕುಲುಕಿ ಚೆಲ್ಲಬೇಕು. ಕೊನೆಗೆ ಬೋರಲು ಹಾಕಿ, ಬಾಯಿಗೆ ಗಾಳಿ ಆಡುವಂತೆ ಒಣಗಿಸಬೇಕು. ಉಳಿದ ವೈನನ್ನು ಬಾಟಲಿಗೆ ಹಿಂದಿರುಗಿಸಿ, ಮುಚ್ಚಿ ಫ್ರಿಜ್‌ನಲ್ಲಿಡುವುದು ಒಳ್ಳೆಯದು.

ಡಿಕ್ಯಾಂಟರ್‌ಗೂ ಮಿತಿಯಿದೆ. ಬಿರಡೆಯ ದೋಷದಿಂದ ಮುಗ್ಗಲು ವಾಸನೆ ಹಿಡಿದ ವೈನನ್ನಾಗಲಿ, ಹುಳಿತು ವಿನೆಗರ್ ಆದ ವೈನನ್ನಾಗಲಿ ಅದು ಸರಿಪಡಿಸಲಾರದು. ಒಗರು ಇಳಿದ ಮಾತ್ರಕ್ಕೆ ಮದ್ಯಸಾರವೂ ಇಳಿಯಿತೆಂದು ಭಾವಿಸುವಂತಿಲ್ಲ. ಮದ್ಯಪಾನಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹೂಜಿ ಯಾವುದೇ ಇರಲಿ, ಅಳತೆ ಕುಡಿಯುವವರ ಕೈಯಲ್ಲೇ ಇರುತ್ತದೆ.