ಬೈಜಾಂಟೈನ್ ವಿಗ್ರಹಭಂಜನೆ

ಬೈಜಾಂಟೈನ್ ವಿಗ್ರಹಭಂಜನೆ ಎಂಬುದು ಕ್ರಿ.ಶ. 8 ಮತ್ತು 9ನೆಯ ಶತಮಾನಗಳಲ್ಲಿ ಬೈಜಾಂಟೈನ್ ಸಾಮ್ರಾಜ್ಯದಲ್ಲಿ ನಡೆದ ಧಾರ್ಮಿಕ ಹಾಗೂ ರಾಜಕೀಯ ವಿವಾದ. ಯೇಸು ಕ್ರಿಸ್ತ, ಮರಿಯಮ್ಮ ಮತ್ತು ಸಂತರ ಚಿತ್ರಗಳಿಗೆ, ಅಂದರೆ ಐಕಾನ್‌ಗಳಿಗೆ, ನಮಿಸುವುದು ವಿಗ್ರಹಾರಾಧನೆಯಾಗುತ್ತದೆಯೇ ಎಂಬುದು ಇದರ ಮೂಲ ಪ್ರಶ್ನೆಯಾಗಿತ್ತು.

ಹಿನ್ನೆಲೆ

ಬೈಬಲ್ಲಿನ ವಿಮೋಚನಕಾಂಡದ 20ನೆಯ ಅಧ್ಯಾಯವು ವಿಗ್ರಹಗಳನ್ನು ಮಾಡಿ ಪೂಜಿಸುವುದನ್ನು ನಿಷೇಧಿಸುತ್ತದೆ. ಆದರೂ 6 ಮತ್ತು 7ನೆಯ ಶತಮಾನಗಳಲ್ಲಿ ಐಕಾನ್‌ಗಳ ಮುಂದೆ ದೀಪ ಹಚ್ಚುವ, ಅವನ್ನು ಮುತ್ತಿಡುವ ಪದ್ಧತಿಗಳು ಹೆಚ್ಚಿದವು. ಇದೇ ಅವಧಿಯಲ್ಲಿ ಸಾಮ್ರಾಜ್ಯವು ಅರಬರಿಗೆ ಅಪಾರ ಭೂಪ್ರದೇಶವನ್ನು ಕಳೆದುಕೊಂಡಿತು. 726ರಲ್ಲಿ ಥೀರಾ ದ್ವೀಪದ ಬಳಿ ಜ್ವಾಲಾಮುಖಿ ಸ್ಫೋಟಿಸಿದಾಗ ಚಕ್ರವರ್ತಿ 3ನೆಯ ಲಿಯೋ ಅದನ್ನು ದೇವರ ಕೋಪವೆಂದು ಭಾವಿಸಿದನೆಂದು ವೃತ್ತಾಂತಕಾರರು ಬರೆದಿದ್ದಾರೆ. 730ರಲ್ಲಿ, ಐಕಾನ್‌ಗಳ ವಿರುದ್ಧದ ಆಜ್ಞೆಯನ್ನು ಒಪ್ಪದ ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷ ಜರ್ಮಾನಸ್ ಪದವಿಯನ್ನು ತೊರೆಯಬೇಕಾಯಿತು.

ವಾದ–ಪ್ರತಿವಾದ

5ನೆಯ ಕಾನ್‌ಸ್ಟಂಟೈನ್ 754ರಲ್ಲಿ ಕರೆದ ಹಿಯೇರಿಯಾ ಸಭೆಯಲ್ಲಿ 338 ಬಿಷಪ್ಪರು ಐಕಾನ್‌ಗಳನ್ನು ಖಂಡಿಸಿದರು. ಕ್ರಿಸ್ತನ ದೈವತ್ವವನ್ನು ರೇಖೆಗಳಲ್ಲಿ ಹಿಡಿದಿಡಲಾಗದು. ಮನುಷ್ಯತ್ವವನ್ನಷ್ಟೇ ಚಿತ್ರಿಸಿದರೆ ಅವನ ಎರಡು ಸ್ವಭಾವಗಳನ್ನು ಬೇರ್ಪಡಿಸಿದಂತಾಗುತ್ತದೆ. ಪರಮಪ್ರಸಾದವೇ ಅವನ ನಿಜವಾದ ಪ್ರತಿರೂಪ ಎಂಬುದು ಅವರ ವಾದ. ಶಿಲುಬೆಯ ಚಿಹ್ನೆಯನ್ನು ಮಾತ್ರ ಅವರು ಉಳಿಸಿಕೊಂಡರು.

ಮುಸ್ಲಿಂ ಆಳ್ವಿಕೆಯ ಪ್ರದೇಶದಲ್ಲಿದ್ದು ಚಕ್ರವರ್ತಿಯ ಕೈಗೆ ನಿಲುಕದಿದ್ದ ಡಮಾಸ್ಕಸ್‌ನ ಯೋಹಾನನು ಐಕಾನ್‌ಗಳನ್ನು ಸಮರ್ಥಿಸಿದನು. ಅದೃಶ್ಯನಾದ ದೇವರನ್ನು ಚಿತ್ರಿಸಲಾಗದು ನಿಜ. ಆದರೆ ದೇವರು ಮನುಷ್ಯನಾಗಿ ಕಾಣಿಸಿಕೊಂಡ ಬಳಿಕ ಆ ರೂಪವನ್ನು ಚಿತ್ರಿಸಬಹುದು ಎಂದು ಅವನು ವಾದಿಸಿದನು.

ನಿರ್ಣಯ

ರಾಣಿ ಐರೀನ್‌ಳ ಕಾಲದಲ್ಲಿ, 787ರಲ್ಲಿ ಸೇರಿದ ಎರಡನೆಯ ನೈಸಿಯಾ ಮಹಾಸಭೆಯು ಆರಾಧನೆ ಮತ್ತು ವಂದನೆಗಳ ನಡುವೆ ಗೆರೆ ಎಳೆಯಿತು. ‘ಲಾಟ್ರಿಯಾ’ ಎನ್ನಲಾಗುವ ಆರಾಧನೆ ದೇವರೊಬ್ಬನಿಗೇ ಸಲ್ಲತಕ್ಕದ್ದು. ಚಿತ್ರಕ್ಕೆ ಸಲ್ಲುವುದು ಗೌರವಪೂರ್ವಕ ವಂದನೆ ಮಾತ್ರ, ಅದೂ ಚಿತ್ರದಲ್ಲಿರುವ ವ್ಯಕ್ತಿಯನ್ನೇ ತಲುಪುತ್ತದೆ ಎಂದು ಸಭೆ ಸಾರಿತು. 815ರಲ್ಲಿ 5ನೆಯ ಲಿಯೋ ನಿಷೇಧವನ್ನು ಮರಳಿ ತಂದನು. 843ರಲ್ಲಿ ರಾಣಿ ಥಿಯೋಡೋರಾ ಅದನ್ನು ಕೊನೆಗೊಳಿಸಿದಳು. ಈ ಘಟನೆಯನ್ನು ಆರ್ಥೊಡಾಕ್ಸ್ ಸಭೆಗಳು ಇಂದಿಗೂ ತಪಸ್ಸುಕಾಲದ ಮೊದಲ ಭಾನುವಾರ ಸ್ಮರಿಸುತ್ತವೆ.

ಪರಿಣಾಮ

ವಿವಾದದಲ್ಲಿ ಅನೇಕ ಪ್ರಾಚೀನ ಐಕಾನ್‌ಗಳು ನಾಶವಾದವು. ಸಾಮ್ರಾಜ್ಯದ ಹೊರಗಿದ್ದ ಸಿನಾಯಿಯ ಸಂತ ಕ್ಯಾಥರೀನ್ ಮಠದಲ್ಲಿ ಕೆಲವು ಉಳಿದಿವೆ. ವಿಗ್ರಹಭಂಜಕರ ಬರಹಗಳೂ ಬಹುಪಾಲು ನಾಶವಾಗಿದ್ದು, ಅವರ ವಾದಗಳು ಹೆಚ್ಚಾಗಿ ವಿರೋಧಿಗಳ ಖಂಡನೆಗಳ ಮೂಲಕವೇ ತಿಳಿದುಬರುತ್ತವೆ. 16ನೆಯ ಶತಮಾನದ ಸುಧಾರಣಾ ಚಳವಳಿಯಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. 1524ರಲ್ಲಿ ಜ್ಯೂರಿಕ್‌ನ ಚರ್ಚುಗಳಿಂದ ಚಿತ್ರಗಳನ್ನೂ ಪ್ರತಿಮೆಗಳನ್ನೂ ತೆಗೆಯಲಾಯಿತು. ಲೂಥರನು ಅಂಥ ಬಲವಂತದ ಭಂಜನೆಯನ್ನು ವಿರೋಧಿಸಿದನು.