ಶಾಲೆಗಳಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ದೌರ್ಜನ್ಯ ಅಥವಾ ತಾರತಮ್ಯವಾದಲ್ಲಿ ದೂರು ಸಲ್ಲಿಸುವ ವಿಧಾನ – ಸಾರ್ವಜನಿಕ ಮಾಹಿತಿ

1. ಪೀಠಿಕೆ

ಶಾಲೆಯಲ್ಲಿ ಕಲಿಯುತ್ತಿರುವ ವಿಕಲಚೇತನ ಮಗುವಿಗೆ ಹೊಡೆತ, ನಿಂದನೆ, ನಿರ್ಲಕ್ಷ್ಯ ಅಥವಾ ತಾರತಮ್ಯ ಉಂಟಾದಾಗ ಯಾವ ಕಛೇರಿಗೆ ಹೋಗಬೇಕೆಂಬುದು ತಿಳಿಯದೆ ಅನೇಕ ಪೋಷಕರು ಅಲೆದಾಡುವಂತಾಗುತ್ತದೆ. ಒಂದು ಕಛೇರಿಯಲ್ಲಿ ಇದು ಶಿಕ್ಷಣ ಇಲಾಖೆಯ ವಿಷಯವೆಂದೂ, ಇನ್ನೊಂದರಲ್ಲಿ ಇದು ಪೊಲೀಸ್ ಇಲಾಖೆಯ ವಿಷಯವೆಂದೂ ಹೇಳುವುದುಂಟು. ವಾಸ್ತವವಾಗಿ ಒಂದೇ ಘಟನೆಯ ಬಗ್ಗೆ ಒಂದಕ್ಕಿಂತ ಹೆಚ್ಚು ಪ್ರಾಧಿಕಾರಗಳಿಗೆ ಏಕಕಾಲದಲ್ಲಿ ದೂರು ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ. ಪ್ರತಿ ಪ್ರಾಧಿಕಾರದ ಅಧಿಕಾರವ್ಯಾಪ್ತಿ ಮತ್ತು ಅದರಿಂದ ದೊರೆಯಬಹುದಾದ ಪರಿಹಾರ ಬೇರೆ ಬೇರೆಯಾಗಿರುತ್ತದೆ. ಈ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಗೆ ನೀಡಲಾಗಿದೆ.

2. ಅನ್ವಯವಾಗುವ ಕಾನೂನುಗಳು

ಅ) ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016. ಇದು 1995ರ ಅಧಿನಿಯಮದ ಸ್ಥಾನದಲ್ಲಿ ದಿನಾಂಕ 19-04-2017ರಿಂದ ಜಾರಿಗೆ ಬಂದಿದೆ. ಇದರಲ್ಲಿ 21 ಬಗೆಯ ವಿಕಲತೆಗಳನ್ನು ಗುರುತಿಸಲಾಗಿದ್ದು, ಆಟಿಸಂ, ಬುದ್ಧಿಮಾಂದ್ಯತೆ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಸೇರಿವೆ.

ಆ) ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009. ಇದು 6 ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ ಮಕ್ಕಳಿಗೆ 2016ರ ಅಧಿನಿಯಮದ ಪ್ರಕರಣ 31ರಂತೆ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

ಇ) ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಅಧಿನಿಯಮ, 2015.

ಈ) ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ ಅಧಿನಿಯಮ, 2012 (ಪೋಕ್ಸೋ).

ಉ) ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023. ಪೊಲೀಸ್ ದೂರು ಮತ್ತು ತನಿಖೆಯ ವಿಧಾನಕ್ಕೆ ದಿನಾಂಕ 01-07-2024ರಿಂದ ಇದು ಅನ್ವಯವಾಗುತ್ತದೆ.

3. ಯಾವ ಕೃತ್ಯಗಳ ಬಗ್ಗೆ ದೂರು ಸಲ್ಲಿಸಬಹುದು

ಕೆಳಕಂಡವು ಉದಾಹರಣೆಗಳು ಮಾತ್ರ.

ಅ) ಹೊಡೆಯುವುದು, ಬೆಂಚಿಗೆ ಕಟ್ಟಿಹಾಕುವುದು, ಕೊಠಡಿಯಲ್ಲಿ ಕೂಡಿಹಾಕುವುದು, ಮಾನಸಿಕ ಕಿರುಕುಳ ನೀಡುವುದು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಅಧಿನಿಯಮದ ಪ್ರಕರಣ 17 ನಿಷೇಧಿಸಿದೆ. ತಪ್ಪಿತಸ್ಥರು ತಮಗೆ ಅನ್ವಯವಾಗುವ ಸೇವಾ ನಿಯಮಗಳನ್ವಯ ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ಮಗುವಿನ ವರ್ತನೆ ವಿಕಲತೆಯ ಲಕ್ಷಣವಾಗಿದ್ದು, ಅದನ್ನು ಅಶಿಸ್ತೆಂದು ಭಾವಿಸಿ ಶಿಕ್ಷಿಸಿದಲ್ಲಿಯೂ ಈ ನಿಷೇಧ ಅನ್ವಯಿಸುತ್ತದೆ.

ಆ) ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ ಅವಮಾನಗೊಳಿಸುವ ಉದ್ದೇಶದಿಂದ ನಿಂದಿಸುವುದು ಅಥವಾ ಬೆದರಿಸುವುದು, ಮಗು ತನ್ನ ಸುಪರ್ದಿನಲ್ಲಿರುವಾಗ ಉದ್ದೇಶಪೂರ್ವಕವಾಗಿ ಊಟ, ನೀರು ನಿರಾಕರಿಸುವುದು, ಅಂಗಕ್ಕೆ ಅಥವಾ ಇಂದ್ರಿಯಕ್ಕೆ ಹಾನಿ ಮಾಡುವುದು, ಶ್ರವಣ ಸಾಧನ, ಊರುಗೋಲು, ಗಾಲಿಕುರ್ಚಿ ಮುಂತಾದ ಸಾಧನಗಳ ಬಳಕೆಗೆ ಉದ್ದೇಶಪೂರ್ವಕವಾಗಿ ಅಡ್ಡಿಪಡಿಸುವುದು. ಇವು 2016ರ ಅಧಿನಿಯಮದ ಪ್ರಕರಣ 92ರಡಿ ಅಪರಾಧಗಳಾಗಿದ್ದು, 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಕಾರಾವಾಸ ಮತ್ತು ದಂಡವನ್ನು ವಿಧಿಸಬಹುದಾಗಿದೆ.

ಇ) ವಿಕಲತೆಯ ಕಾರಣದಿಂದ ಪ್ರವೇಶ ನಿರಾಕರಿಸುವುದು, ಪ್ರವಾಸ, ಆಟೋಟ, ಶಾಲಾ ವಾರ್ಷಿಕೋತ್ಸವಗಳಿಂದ ಹೊರಗಿಡುವುದು, ರ್‍ಯಾಂಪ್, ಶೌಚಾಲಯ ಇತ್ಯಾದಿ ಅಗತ್ಯ ಸೌಲಭ್ಯ ಒದಗಿಸದಿರುವುದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಕರ್ತವ್ಯಗಳನ್ನು ಪ್ರಕರಣ 16ರಲ್ಲಿ ತಿಳಿಸಲಾಗಿದೆ. ಅಧಿನಿಯಮದ ಉಲ್ಲಂಘನೆಗೆ ಪ್ರಕರಣ 89ರಂತೆ ಮೊದಲ ಬಾರಿಗೆ ರೂ. 10,000ದವರೆಗೆ, ನಂತರದ ಉಲ್ಲಂಘನೆಗೆ ರೂ. 50,000ಕ್ಕೆ ಕಡಿಮೆಯಿಲ್ಲದಂತೆ ರೂ. 5 ಲಕ್ಷದವರೆಗೆ ದಂಡ ವಿಧಿಸಬಹುದು.

ಈ) ಮಗುವಿನ ಹೊಣೆ ಹೊತ್ತವರಿಂದ ಹಲ್ಲೆ ಅಥವಾ ಉದ್ದೇಶಪೂರ್ವಕ ನಿರ್ಲಕ್ಷ್ಯದಿಂದ ಮಗುವಿಗೆ ನೋವುಂಟಾದಲ್ಲಿ ಬಾಲನ್ಯಾಯ ಅಧಿನಿಯಮದ ಪ್ರಕರಣ 75 ಅನ್ವಯವಾಗುತ್ತದೆ. ಬಾಧಿತ ಮಗು ವಿಕಲಚೇತನವಾಗಿದ್ದಲ್ಲಿ ಪ್ರಕರಣ 85ರಂತೆ ನಿಗದಿತ ದಂಡನೆಯ ಎರಡರಷ್ಟಕ್ಕೆ ಅಪರಾಧಿ ಗುರಿಯಾಗುತ್ತಾನೆ.

ಉ) ಯಾವುದೇ ಬಗೆಯ ಲೈಂಗಿಕ ದೌರ್ಜನ್ಯ. ಇಂತಹ ಕೃತ್ಯದ ಮಾಹಿತಿಯುಳ್ಳ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಪ್ರಕರಣ 19ರಂತೆ ಕಡ್ಡಾಯ. ಶಾಲೆಯೊಳಗೆ ವಿಚಾರಣೆ ನಡೆಸಿ ಮುಕ್ತಾಯಗೊಳಿಸಲು ಮುಖ್ಯೋಪಾಧ್ಯಾಯರಿಗಾಗಲೀ ಆಡಳಿತ ಮಂಡಳಿಗಾಗಲೀ ಅಧಿಕಾರವಿಲ್ಲ.

4. ಘಟನೆ ತಿಳಿದ ಕೂಡಲೇ ಪೋಷಕರು ಕೈಗೊಳ್ಳಬೇಕಾದ ಕ್ರಮಗಳು

ದೂರುಗಳು ಬಿದ್ದುಹೋಗಲು ಸಾಮಾನ್ಯ ಕಾರಣ ಸಾಕ್ಷ್ಯದ ಕೊರತೆ. ಮಾತು ಬಾರದ ಅಥವಾ ಸ್ಪಷ್ಟವಾಗಿ ಹೇಳಲಾರದ ಮಗುವಿನ ಪ್ರಕರಣದಲ್ಲಿ ಮೊದಲ ಎರಡು ಮೂರು ದಿನಗಳು ಬಹಳ ಮುಖ್ಯವಾದುವು.

ಅ) ಗಾಯಗಳಿದ್ದಲ್ಲಿ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಗಾಯ ಹೇಗಾಯಿತೆಂಬುದನ್ನು ವೈದ್ಯರಿಗೆ ತಿಳಿಸಿ ದಾಖಲು ಮಾಡಿಸತಕ್ಕದ್ದು. ಗಾಯದ ಛಾಯಾಚಿತ್ರಗಳನ್ನು ದಿನಾಂಕ ಸಹಿತ ಇರಿಸಿಕೊಳ್ಳುವುದು.

ಆ) ಮಗು ಹೇಳಿದ್ದನ್ನು, ಸನ್ನೆಯಿಂದ ತೋರಿಸಿದ್ದನ್ನು ಅದರದೇ ಮಾತು ಹಾಗೂ ಸನ್ನೆಗಳಲ್ಲಿ ಬರೆದಿಡುವುದು. ಪದೇ ಪದೇ ಪ್ರಶ್ನಿಸುವುದಾಗಲೀ, ಉತ್ತರವನ್ನು ಹೇಳಿಕೊಡುವುದಾಗಲೀ ಮಾಡಬಾರದು.

ಇ) ವರ್ತನೆಯಲ್ಲಿನ ಬದಲಾವಣೆ – ಶಾಲೆಯ ಸಮವಸ್ತ್ರ ಕಂಡು ಅಳುವುದು, ರಾತ್ರಿ ಬೆಚ್ಚಿಬೀಳುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು ಇತ್ಯಾದಿ – ಯಾವ ದಿನದಿಂದ ಆರಂಭವಾಯಿತೆಂಬುದನ್ನು ಗುರುತು ಹಾಕಿಕೊಳ್ಳುವುದು.

ಈ) ಶಾಲೆಯಲ್ಲಿ ಸಿ.ಸಿ. ಕ್ಯಾಮೆರಾ ಇದ್ದಲ್ಲಿ, ಸಂಬಂಧಿಸಿದ ದಿನದ ದೃಶ್ಯಾವಳಿಯನ್ನು ಅಳಿಸದೆ ಕಾಯ್ದಿರಿಸುವಂತೆ ಮುಖ್ಯೋಪಾಧ್ಯಾಯರಿಗೆ ಕೂಡಲೇ ಲಿಖಿತ ಪತ್ರ ನೀಡಿ ಸ್ವೀಕೃತಿ ಪಡೆಯುವುದು. ಹಳೆಯ ದೃಶ್ಯಗಳ ಮೇಲೆ ಹೊಸ ದೃಶ್ಯಗಳು ತಾನಾಗಿಯೇ ಮುದ್ರಿತವಾಗುವುದರಿಂದ ವಿಳಂಬ ಸಲ್ಲದು.

ಉ) ಶಾಲಾ ದಿನಚರಿ ಪುಸ್ತಕ, ಮೊಬೈಲ್ ಸಂದೇಶಗಳು, ಮುರಿದ ಸಾಧನ ಸಲಕರಣೆ ಮತ್ತು ಅದರ ರಸೀದಿಯನ್ನು ಜೋಪಾನವಾಗಿಡುವುದು.

5. ದೂರು ಎಲ್ಲಿ ಸಲ್ಲಿಸಬೇಕು

5.1 ಶಾಲಾ ಹಂತ: ತುರ್ತಲ್ಲದ, ಸೌಲಭ್ಯಗಳಿಗೆ ಸಂಬಂಧಿಸಿದ ವಿಷಯಗಳನ್ನು ಮುಖ್ಯೋಪಾಧ್ಯಾಯರಿಗೆ, ಸರ್ಕಾರಿ ಶಾಲೆಯಾದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ ಲಿಖಿತವಾಗಿ ನೀಡಬಹುದು. ಹಲ್ಲೆ ಅಥವಾ ದೌರ್ಜನ್ಯ ನಡೆದಿದ್ದಲ್ಲಿ ಮೊದಲು ಶಾಲೆಗೇ ದೂರು ನೀಡಬೇಕೆಂಬ ನಿಬಂಧನೆ ಇಲ್ಲ.

5.2 ಶಿಕ್ಷಣ ಇಲಾಖೆ: ತಾಲ್ಲೂಕಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಜಿಲ್ಲೆಯಲ್ಲಿ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ಇಲಾಖಾ ವಿಚಾರಣೆ, ಶಿಕ್ಷಕರ ವಿರುದ್ಧ ಶಿಸ್ತು ಕ್ರಮ, ಶಾಲೆಗೆ ನೋಟೀಸು ಇವು ಇಲ್ಲಿಂದ ಆಗಬೇಕಾದ ಕ್ರಮಗಳು. 2009ರ ಅಧಿನಿಯಮದ ಪ್ರಕರಣ 32ರಂತೆ ಸ್ಥಳೀಯ ಪ್ರಾಧಿಕಾರಕ್ಕೆ ನೀಡಿದ ಲಿಖಿತ ದೂರನ್ನು ಉಭಯ ಪಕ್ಷಕಾರರಿಗೆ ಅವಕಾಶ ನೀಡಿ 3 ತಿಂಗಳೊಳಗೆ ತೀರ್ಮಾನಿಸಬೇಕು.

5.3 ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು: ಮೇಲ್ಕಂಡ ತೀರ್ಮಾನದಿಂದ ಬಾಧಿತರಾದವರು ಮೇಲ್ಮನವಿ ಸಲ್ಲಿಸಬಹುದು. ಆಯೋಗಕ್ಕೆ ನೇರವಾಗಿಯೂ ದೂರು ಸಲ್ಲಿಸಲು ಅವಕಾಶವಿದೆ.

5.4 ವಿಕಲಚೇತನ ವ್ಯಕ್ತಿಗಳ ರಾಜ್ಯ ಆಯುಕ್ತರು, ಬೆಂಗಳೂರು: ಸಾಕ್ಷಿಗಳಿಗೆ ಸಮನ್ಸ್ ನೀಡುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ (ಪ್ರಕರಣ 82). ಆಯುಕ್ತರ ಶಿಫಾರಸಿನ ಮೇಲೆ ಸಂಬಂಧಿಸಿದ ಪ್ರಾಧಿಕಾರವು ಕ್ರಮ ಕೈಗೊಂಡು 3 ತಿಂಗಳೊಳಗೆ ವರದಿ ಮಾಡಬೇಕು. ಒಪ್ಪದಿದ್ದಲ್ಲಿ ಕಾರಣವನ್ನು ಆಯುಕ್ತರಿಗೂ ಬಾಧಿತರಿಗೂ ತಿಳಿಸಬೇಕು (ಪ್ರಕರಣ 81). ಜೈಲು ಶಿಕ್ಷೆ ವಿಧಿಸುವ ಅಧಿಕಾರ ಆಯುಕ್ತರಿಗಿಲ್ಲ ಎಂಬುದನ್ನು ಗಮನಿಸುವುದು. ಕೇಂದ್ರೀಯ ವಿದ್ಯಾಲಯದಂತಹ ಕೇಂದ್ರ ಸರ್ಕಾರದ ಸಂಸ್ಥೆಗಳ ಬಗ್ಗೆ ನವದೆಹಲಿಯ ಮುಖ್ಯ ಆಯುಕ್ತರಿಗೆ ದೂರು ಸಲ್ಲಿಸತಕ್ಕದ್ದು.

5.5 ಕಾರ್ಯನಿರ್ವಾಹಕ ದಂಡಾಧಿಕಾರಿ: ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು. ದೌರ್ಜನ್ಯ ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿದ್ದಲ್ಲಿ, ಪೋಷಕರಲ್ಲದೆ ಯಾವುದೇ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆಯು ಪ್ರಕರಣ 7ರಂತೆ ಮಾಹಿತಿ ನೀಡಬಹುದು. ಮಗುವನ್ನು ರಕ್ಷಿಸಲು ಆದೇಶ ಹೊರಡಿಸುವ ಅಧಿಕಾರ ಇವರಿಗಿದೆ. ವಸತಿ ಶಾಲೆ, ವಿದ್ಯಾರ್ಥಿ ನಿಲಯಗಳಲ್ಲಿರುವ ಮಕ್ಕಳಿಗೆ ಈ ಉಪಬಂಧ ವಿಶೇಷವಾಗಿ ಉಪಯುಕ್ತ.

5.6 ಪೊಲೀಸ್ ಠಾಣೆ: ಯಾವುದೇ ಠಾಣೆಯಲ್ಲಿ, ಮೌಖಿಕವಾಗಿಯೂ ದೂರು ನೀಡಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. 3 ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಉಪ ಅಧೀಕ್ಷಕರ ಅನುಮತಿಯೊಂದಿಗೆ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ದೂರು ದಾಖಲಿಸಲು ನಿರಾಕರಿಸಿದಲ್ಲಿ ಅದರ ಸಾರಾಂಶವನ್ನು ಪೊಲೀಸ್ ಅಧೀಕ್ಷಕರಿಗೆ ಲಿಖಿತವಾಗಿ ಕಳುಹಿಸಬಹುದು. ಅಲ್ಲಿಯೂ ಕ್ರಮವಾಗದಿದ್ದಲ್ಲಿ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಪೋಕ್ಸೋ ಪ್ರಕರಣಗಳಲ್ಲಿ ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸುವ ಸ್ಥಳದಲ್ಲಿ ದಾಖಲಿಸಬೇಕಾಗಿದ್ದು, ವಿಶೇಷ ಶಿಕ್ಷಕರ ಅಥವಾ ಮಗುವಿನ ಸಂವಹನ ವಿಧಾನ ಬಲ್ಲವರ ನೆರವು ಪಡೆಯಬಹುದಾಗಿದೆ. ಈ ನೆರವು ಬೇಕೆಂದು ಪೋಷಕರು ದೂರಿನಲ್ಲಿಯೇ ಬರೆಯುವುದು ಸೂಕ್ತ.

5.7 ತುರ್ತು ಸಂದರ್ಭ: ಮಕ್ಕಳ ಸಹಾಯವಾಣಿ 1098, ತುರ್ತು ಸೇವೆ 112. ಇವಲ್ಲದೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿಯನ್ನು ಸಂಪರ್ಕಿಸಬಹುದು.

6. ದೂರು ಅರ್ಜಿಯಲ್ಲಿ ಇರಬೇಕಾದ ಅಂಶಗಳು

ನಿಗದಿತ ನಮೂನೆಯಿಲ್ಲದಿದ್ದರೂ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಸಲ್ಲಿಸಬಹುದು. ಅರ್ಜಿಯಲ್ಲಿ: (1) ಅರ್ಜಿದಾರರ ಹೆಸರು, ವಿಳಾಸ, ದೂರವಾಣಿ, (2) ಮಗುವಿನ ವಯಸ್ಸು, ತರಗತಿ, ವಿಕಲತೆಯ ವಿವರ, (3) ಶಾಲೆಯ ಹೆಸರು, ವಿಳಾಸ, (4) ಘಟನೆಯ ದಿನಾಂಕ, ವೇಳೆ, ಸ್ಥಳ, (5) ಕೃತ್ಯವೆಸಗಿದವರ ಹೆಸರು, ಹುದ್ದೆ, (6) ಕಂಡವರು ಯಾರು, (7) ಈಗಾಗಲೇ ಯಾರಿಗೆ ದೂರಲಾಗಿದೆ, (8) ಕೋರಿರುವ ಪರಿಹಾರ, (9) ಲಗತ್ತುಗಳ ಪಟ್ಟಿ ಇರತಕ್ಕದ್ದು. ಮೂಲ ದಾಖಲೆಗಳನ್ನು ಕೊಡದೆ ನಕಲು ಪ್ರತಿಗಳನ್ನು ಮಾತ್ರ ಲಗತ್ತಿಸುವುದು.

"ನಮ್ಮ ಮಗನನ್ನು ಶಾಲೆಯಲ್ಲಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ನ್ಯಾಯ ಕೊಡಿಸಿ" ಎಂದಷ್ಟೇ ಬರೆದ ಅರ್ಜಿಯ ಮೇಲೆ ವಿಚಾರಣಾಧಿಕಾರಿಗೆ ಏನನ್ನೂ ಪರಿಶೀಲಿಸಲಾಗುವುದಿಲ್ಲ. ಅದರ ಬದಲು, "ಸೋಮವಾರ ಮಧ್ಯಾಹ್ನದ ಬಿಸಿಯೂಟದ ನಂತರ, 4ನೇ ತರಗತಿ ಕೊಠಡಿಯಲ್ಲಿ, ಕರೆದಾಗ ತಿರುಗಿ ನೋಡಲಿಲ್ಲವೆಂದು ಶಿಕ್ಷಕರು ನನ್ನ ಮಗನ ಶ್ರವಣ ಸಾಧನವನ್ನು ಕಿತ್ತು ಮೇಜಿನ ಖಾನೆಯಲ್ಲಿ ಬೀಗ ಹಾಕಿ, ಬುಧವಾರದವರೆಗೆ ಹಿಂದಿರುಗಿಸಿರುವುದಿಲ್ಲ. ಎರಡು ದಿನ ಮಗುವಿಗೆ ಪಾಠ ಕೇಳಿಸಿರುವುದಿಲ್ಲ" ಎಂದು ದಿನಾಂಕ ಸಹಿತ ಬರೆದಲ್ಲಿ, ಯಾರನ್ನು ವಿಚಾರಿಸಬೇಕು, ಯಾವ ಪ್ರಕರಣ ಅನ್ವಯಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

7. ಅರ್ಜಿ ಸಲ್ಲಿಸಿದ ನಂತರ

ಅ) ಟಪಾಲು ಶಾಖೆಯಲ್ಲಿ ನಕಲು ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಪಡೆಯತಕ್ಕದ್ದು. ದೂರದವರು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಇಟ್ಟುಕೊಳ್ಳುವುದು.

ಆ) ಅರ್ಜಿಯ ಮೇಲೆ ಕೈಗೊಂಡ ಕ್ರಮದ ಬಗ್ಗೆ ಲಿಖಿತ ಹಿಂಬರಹ ಕೇಳಿ ಪಡೆಯುವುದು. ಮೌಖಿಕ ಭರವಸೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸುವುದು ಕಷ್ಟ.

ಇ) ಉತ್ತರ ಬಾರದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ, ಕಡತದ ಟಿಪ್ಪಣಿ ಹಾಳೆ ಮತ್ತು ವಿಚಾರಣಾ ವರದಿಯ ನಕಲನ್ನು ಕೋರಬಹುದು. ಒಂದು ಅರ್ಜಿಯಲ್ಲಿ ಒಂದೇ ವಿಷಯವಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. 30 ದಿನಗಳೊಳಗೆ ಮಾಹಿತಿ ಬಾರದಿದ್ದಲ್ಲಿ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.

8. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಮಗುವಿಗೆ ವಿಕಲಚೇತನರ ಗುರುತಿನ ಚೀಟಿ ಇನ್ನೂ ಆಗಿಲ್ಲ. ದೂರು ನೀಡಬಹುದೇ?
ಉತ್ತರ: ನೀಡಬಹುದು. ಶಾಲೆಯಲ್ಲಿ ಹೊಡೆಯುವುದು ಎಲ್ಲ ಮಕ್ಕಳ ವಿಷಯದಲ್ಲಿಯೂ ನಿಷಿದ್ಧ. ವೈದ್ಯರ ಚೀಟಿ, ಚಿಕಿತ್ಸೆಯ ದಾಖಲೆಗಳನ್ನು ಲಗತ್ತಿಸಿ, ಗುರುತಿನ ಚೀಟಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವುದು.

ಪ್ರಶ್ನೆ: ದೂರು ಕೊಟ್ಟರೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವುದಾಗಿ ಶಾಲೆಯವರು ಹೇಳುತ್ತಿದ್ದಾರೆ.
ಉತ್ತರ: ಪ್ರಾಥಮಿಕ ಶಿಕ್ಷಣ (1 ರಿಂದ 8ನೇ ತರಗತಿ) ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ (2009ರ ಅಧಿನಿಯಮ, ಪ್ರಕರಣ 16). ಅಂತಹ ಬೆದರಿಕೆಯನ್ನೂ ದೂರಿನಲ್ಲಿ ಸೇರಿಸುವುದು. ಪೋಷಕರು ಒಪ್ಪದೆ ವರ್ಗಾವಣೆ ಪತ್ರದ ಅರ್ಜಿಗೆ ಸಹಿ ಮಾಡಬಾರದು.

ಪ್ರಶ್ನೆ: ಶಾಲೆಯವರು ಚಿಕಿತ್ಸೆಯ ಖರ್ಚು ಕೊಟ್ಟು ರಾಜಿಗೆ ಕೇಳುತ್ತಿದ್ದಾರೆ.
ಉತ್ತರ: ಚಿಕಿತ್ಸೆಯ ವೆಚ್ಚ ಪಡೆದ ಮಾತ್ರಕ್ಕೆ ಇಲಾಖಾ ವಿಚಾರಣೆ ನಿಲ್ಲಬೇಕೆಂದಿಲ್ಲ. ಓದದೆ, ಅರ್ಥವಾಗದೆ ಯಾವ ಪತ್ರಕ್ಕೂ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬಾರದು. ಲೈಂಗಿಕ ಅಪರಾಧಗಳಲ್ಲಿ ಶಾಲಾ ಹಂತದ ರಾಜಿಗೆ ಅವಕಾಶವೇ ಇಲ್ಲ.

ಪ್ರಶ್ನೆ: ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ಇಲ್ಲ.
ಉತ್ತರ: ಮಕ್ಕಳು, ಮಹಿಳೆಯರು ಮತ್ತು ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು, ಇಲ್ಲವೇ ಸಹಾಯವಾಣಿ 15100 ಅನ್ನು ಸಂಪರ್ಕಿಸುವುದು.

ಪ್ರಶ್ನೆ: ಅರ್ಜಿ ಬರೆಯಲು ನೆರವು ಎಲ್ಲಿ ದೊರೆಯುತ್ತದೆ?
ಉತ್ತರ: ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಹಾಗೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಛೇರಿಯನ್ನು ವಿಚಾರಿಸಬಹುದು.

9. ಗಮನಿಸಬೇಕಾದ ಅಂಶಗಳು

ಅ) ಮಗುವಿನ ಹೆಸರು, ಭಾವಚಿತ್ರ, ಶಾಲೆಯ ವಿವರಗಳನ್ನು ಪತ್ರಿಕೆ, ಮೊಬೈಲ್ ಗುಂಪುಗಳಲ್ಲಿ ಪ್ರಕಟಿಸಬಾರದು. ಬಾಲನ್ಯಾಯ ಮತ್ತು ಪೋಕ್ಸೋ ಅಧಿನಿಯಮಗಳಡಿ ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧವಾಗಿರುತ್ತದೆ.

ಆ) ವಿಚಾರಣೆಯ ಅವಧಿಯಲ್ಲಿ ಮಗುವಿನ ಕಲಿಕೆ ನಿಲ್ಲಬಾರದು. ಅದೇ ಶಾಲೆಗೆ ಹೋಗಲು ಮಗು ಅಂಜುತ್ತಿದ್ದಲ್ಲಿ, ಆರೋಪಿತ ಸಿಬ್ಬಂದಿಯನ್ನು ಮಗುವಿನಿಂದ ದೂರವಿರಿಸುವಂತೆ ಅಥವಾ ಮಗುವಿಗೆ ಬೇರೆ ಶಾಲೆಯಲ್ಲಿ ವ್ಯವಸ್ಥೆ ಮಾಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪ್ರತ್ಯೇಕ ಮನವಿ ಸಲ್ಲಿಸಬಹುದು.

ಇ) ಈ ಪುಟದ ವಿವರಗಳು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ವ್ಯತ್ಯಾಸ ಕಂಡುಬಂದಲ್ಲಿ ಮೂಲ ಅಧಿನಿಯಮ ಮತ್ತು ನಿಯಮಗಳೇ ಅಂತಿಮವಾಗಿರುತ್ತವೆ.