ಗೇಟ್‌ನಲ್ಲಿ ಕೊಟ್ಟ ಕ್ಯಾಬಿನ್ ಬ್ಯಾಗ್‌ನೊಳಗಿನ ವಸ್ತು ಒಡೆದರೆ ಹೊಣೆ ಯಾರದು?

ವಿಮಾನ ಹತ್ತುವ ಸಾಲಿನಲ್ಲಿ ನಿಂತಿದ್ದೀರಿ. ಕೈಯಲ್ಲೊಂದು ಸಣ್ಣ ಟ್ರಾಲಿ ಬ್ಯಾಗ್. ಅದರೊಳಗೆ ಲ್ಯಾಪ್‌ಟಾಪ್, ಕನ್ನಡಕ, ಮನೆಯವರಿಗೆಂದು ತಂದ ಗಾಜಿನ ಸಾಮಾನು. ಕೈಯಲ್ಲೇ ಇರುತ್ತದಲ್ಲ ಎಂಬ ಧೈರ್ಯದಿಂದ ಎಲ್ಲವನ್ನೂ ಅದರಲ್ಲೇ ತುಂಬಿದ್ದೀರಿ. ನಿಮ್ಮ ಸರದಿ ಬರುವ ಹೊತ್ತಿಗೆ ಸಿಬ್ಬಂದಿ, ‘ಮೇಲೆ ಜಾಗ ತುಂಬಿದೆ, ಈ ಬ್ಯಾಗ್ ಕೆಳಗೆ ಹಾಕ್ತೀವಿ’ ಎಂದು ಒಂದು ಟ್ಯಾಗ್ ಕಟ್ಟಿ ಬ್ಯಾಗ್ ಇಸಿದುಕೊಳ್ಳುತ್ತಾರೆ. ಮನೆಗೆ ಬಂದು ತೆರೆದು ನೋಡಿದರೆ ಲ್ಯಾಪ್‌ಟಾಪ್‌ನ ಪರದೆ ಸೀಳಿದೆ. ದೂರು ಕೊಟ್ಟರೆ ‘ಅದು ನಿಮ್ಮ ಕ್ಯಾಬಿನ್ ಬ್ಯಾಗ್, ಒಳಗಿರುವ ವಸ್ತುಗಳಿಗೆ ನಾವು ಹೊಣೆಯಲ್ಲ’ ಎಂಬ ಉತ್ತರ ಬರುತ್ತದೆ.

ಹೀಗೆ ಹೇಳಿದ ಕೂಡಲೇ ಹೆಚ್ಚಿನವರು ಸುಮ್ಮನಾಗುತ್ತಾರೆ. ಈ ಮಾತು ಎಷ್ಟು ಸರಿ? ಕಾನೂನು ಏನು ಹೇಳುತ್ತದೆ? ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಬ್ಯಾಗ್‌ನ ಗಾತ್ರ ಅಥವಾ ಹೆಸರು ಮುಖ್ಯವಲ್ಲ. ಅದು ಯಾರ ವಶದಲ್ಲಿತ್ತು ಎಂಬುದೇ ಮುಖ್ಯ. ಸಂಸ್ಥೆಯ ಸಿಬ್ಬಂದಿ ಬ್ಯಾಗನ್ನು ಪಡೆದು ಸರಕು ಕೋಣೆಗೆ ಹಾಕಿದರೆ ಅಲ್ಲಿಂದಾಚೆ ಅದು ‘ಚೆಕ್-ಇನ್ ಬ್ಯಾಗೇಜ್’. ಆ ಅವಧಿಯಲ್ಲಿ ಆದ ಹಾನಿಗೆ ಸಾಮಾನ್ಯವಾಗಿ ವಿಮಾನಯಾನ ಸಂಸ್ಥೆಯೇ ಹೊಣೆ. ಆದರೆ ಪರಿಹಾರಕ್ಕೆ ಒಂದು ಮಿತಿ ಇದೆ, ದೂರು ಕೊಡಲು ಒಂದು ಗಡುವೂ ಇದೆ. ಅನೇಕರು ಸೋಲುವುದು ಕಾನೂನು ತಮ್ಮ ಪರವಾಗಿಲ್ಲದ್ದರಿಂದಲ್ಲ, ಈ ಗಡುವು ಗೊತ್ತಿಲ್ಲದ್ದರಿಂದ.

ಕೈಯಲ್ಲಿದ್ದರೆ ಒಂದು ನಿಯಮ, ಕೊಟ್ಟರೆ ಇನ್ನೊಂದು

ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ ಮುಖ್ಯ ನಿಯಮಾವಳಿ 1999ರ ಮಾಂಟ್ರಿಯಲ್ ಒಪ್ಪಂದ. ಇದು 2003ರಲ್ಲಿ ಜಾರಿಗೆ ಬಂತು. ಭಾರತ 2009ರಲ್ಲಿ ಇದಕ್ಕೆ ಸೇರಿತು. ಅದಕ್ಕಾಗಿ ನಮ್ಮ 1972ರ ವಿಮಾನ ಸಾಗಣೆ ಕಾಯ್ದೆಗೆ ತಿದ್ದುಪಡಿಯನ್ನೂ ತರಲಾಯಿತು.

ಈ ಒಪ್ಪಂದದ 17ನೇ ವಿಧಿ ಲಗೇಜನ್ನು ಎರಡು ಬಗೆಯಾಗಿ ನೋಡುತ್ತದೆ.

ಒಂದು, ಚೆಕ್-ಇನ್ ಆದ ಬ್ಯಾಗ್. ಹಾನಿ ವಿಮಾನದಲ್ಲಿ ಅಥವಾ ಬ್ಯಾಗ್ ಸಂಸ್ಥೆಯ ವಶದಲ್ಲಿದ್ದಾಗ ಆಗಿದ್ದರೆ ಸಾಕು, ಸಂಸ್ಥೆ ಹೊಣೆ. ಯಾರು ಎಸೆದರು, ಯಾರ ತಪ್ಪು ಎಂದು ಪ್ರಯಾಣಿಕರು ಸಾಬೀತು ಮಾಡಬೇಕಾಗಿಲ್ಲ. ವಸ್ತುವಿನಲ್ಲೇ ಇದ್ದ ದೋಷದಿಂದ ಅಥವಾ ಅದರ ಗುಣದಿಂದ ಆದ ಹಾನಿಗೆ ಮಾತ್ರ ವಿನಾಯಿತಿ. ಉದಾಹರಣೆಗೆ, ಮೊದಲೇ ಹೊಲಿಗೆ ಬಿಟ್ಟಿದ್ದ ಬ್ಯಾಗ್ ಇನ್ನಷ್ಟು ಹರಿದರೆ ಅಥವಾ ಮಾಗಿದ ಹಣ್ಣು ತಾನಾಗಿಯೇ ಕೊಳೆತರೆ ಸಂಸ್ಥೆಯನ್ನು ಕೇಳುವಂತಿಲ್ಲ.

ಎರಡು, ಪ್ರಯಾಣಿಕರ ಬಳಿಯೇ ಇರುವ ಬ್ಯಾಗ್ ಮತ್ತು ಸ್ವಂತ ವಸ್ತುಗಳು. ಇಲ್ಲಿ ಸಂಸ್ಥೆಯ ಅಥವಾ ಅದರ ಸಿಬ್ಬಂದಿಯ ತಪ್ಪಿನಿಂದ ಹಾನಿಯಾಗಿದ್ದರೆ ಮಾತ್ರ ಹೊಣೆ. ಪಕ್ಕದ ಪ್ರಯಾಣಿಕರು ತಮ್ಮ ಭಾರದ ಪೆಟ್ಟಿಗೆಯನ್ನು ನಿಮ್ಮ ಬ್ಯಾಗ್ ಮೇಲೆ ಒತ್ತಿಟ್ಟು ಕ್ಯಾಮೆರಾ ಮುರಿದರೆ ಸಂಸ್ಥೆಯಿಂದ ಪರಿಹಾರ ಸಿಗುವುದು ಕಷ್ಟ. ಸಿಬ್ಬಂದಿಯೇ ಹಾಗೆ ತುರುಕಿದ್ದರೆ ವಿಷಯ ಬೇರೆ.

ಗೇಟ್‌ನಲ್ಲಿ ಕೊಟ್ಟ ಬ್ಯಾಗ್ ಎರಡನೇ ಗುಂಪಿನಿಂದ ಮೊದಲನೇ ಗುಂಪಿಗೆ ದಾಟುತ್ತದೆ. ಮನೆಯಿಂದ ಹೊರಡುವಾಗ ಅದು ಕ್ಯಾಬಿನ್ ಬ್ಯಾಗ್ ಆಗಿತ್ತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಟ್ಯಾಗ್‌ನ ಚೀಟಿ ಇದಕ್ಕೆ ಪುರಾವೆ. ಹಾಗಾಗಿ ಆ ಚೀಟಿಯನ್ನು ಕೇಳಿ ಪಡೆಯಿರಿ, ಪ್ರಯಾಣ ಮುಗಿದ ಮೇಲೂ ಎಸೆಯಬೇಡಿ.

ನಂಬಿಕೆ 1: ‘ಒಡೆಯುವ ಮತ್ತು ಬೆಲೆಬಾಳುವ ವಸ್ತುಗಳಿಗೆ ಹೊಣೆಯಲ್ಲ ಎಂದು ನಿಯಮದಲ್ಲೇ ಬರೆದಿದೆ’

ಬಹುತೇಕ ಸಂಸ್ಥೆಗಳ ಪ್ರಯಾಣದ ಷರತ್ತುಗಳಲ್ಲಿ ಲ್ಯಾಪ್‌ಟಾಪ್, ಆಭರಣ, ನಗದು, ಗಾಜಿನ ವಸ್ತುಗಳನ್ನು ಚೆಕ್-ಇನ್ ಬ್ಯಾಗ್‌ನಲ್ಲಿ ಇಡಬಾರದು, ಇಟ್ಟರೆ ನಾವು ಹೊಣೆಯಲ್ಲ ಎಂಬ ಸಾಲು ಇರುತ್ತದೆ. ಆದರೆ ಮಾಂಟ್ರಿಯಲ್ ಒಪ್ಪಂದದ 26ನೇ ವಿಧಿಯ ಪ್ರಕಾರ, ಸಂಸ್ಥೆಯ ಹೊಣೆಯನ್ನು ತಪ್ಪಿಸುವ ಅಥವಾ ಒಪ್ಪಂದದ ಮಿತಿಗಿಂತ ಕಡಿಮೆ ಮಾಡುವ ಯಾವುದೇ ಷರತ್ತು ಅಸಿಂಧು. ಅಮೆರಿಕದ ಸಾರಿಗೆ ಇಲಾಖೆಯೂ ಇದೇ ನಿಲುವು ತಳೆದಿದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಂಸ್ಥೆ ಒಮ್ಮೆ ಬ್ಯಾಗ್ ಪಡೆದ ಮೇಲೆ ಇಂಥ ವಸ್ತುಗಳ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂಬುದು ಅದರ ನಿಲುವು.

ಹಾಗೆಂದು ಏನನ್ನು ಬೇಕಾದರೂ ಹೇಗೆ ಬೇಕಾದರೂ ತುಂಬಬಹುದು ಎಂದಲ್ಲ. ಪ್ರಯಾಣಿಕರ ನಿರ್ಲಕ್ಷ್ಯವೂ ಹಾನಿಗೆ ಕಾರಣವಾಗಿದ್ದರೆ ಅಷ್ಟರ ಮಟ್ಟಿಗೆ ಪರಿಹಾರ ಕಡಿತವಾಗುತ್ತದೆ. ಇದನ್ನು ಹೇಳುವುದು 20ನೇ ವಿಧಿ. ಗಾಜಿನ ಬಾಟಲಿಯನ್ನು ಬಟ್ಟೆಯಲ್ಲೂ ಸುತ್ತದೆ ಇಟ್ಟಿದ್ದರೆ ಈ ವಾದ ಬಂದೇ ಬರುತ್ತದೆ. ಆದರೆ ‘ಒಳಗೆ ಲ್ಯಾಪ್‌ಟಾಪ್ ಇದೆ’ ಎಂದು ನೀವು ಹೇಳಿದ ಮೇಲೂ ಸಿಬ್ಬಂದಿ ಅದನ್ನು ಹೊರತೆಗೆಯಲು ಅವಕಾಶ ಕೊಡದೆ ಬ್ಯಾಗ್ ಪಡೆದಿದ್ದರೆ ನಿರ್ಲಕ್ಷ್ಯದ ವಾದಕ್ಕೆ ಹೆಚ್ಚು ಬಲವಿರುವುದಿಲ್ಲ.

ನಂಬಿಕೆ 2: ‘ಚಕ್ರ, ಹಿಡಿಕೆ ಮುರಿದರೆ ಏನೂ ಸಿಗುವುದಿಲ್ಲ’

ಗೀರು, ಕೊಳೆ, ಸಣ್ಣ ತಗ್ಗು ಇವೆಲ್ಲ ಬಳಕೆಯ ಸವೆತ ಎಂದು ಸಂಸ್ಥೆಗಳು ಹೇಳುತ್ತವೆ, ಅದು ಹೆಚ್ಚಾಗಿ ಒಪ್ಪತಕ್ಕ ಮಾತೇ. ಆದರೆ ಚಕ್ರ ಕಿತ್ತುಬರುವುದು ಸವೆತವಲ್ಲ. ಚಕ್ರ, ಹಿಡಿಕೆ, ಪಟ್ಟಿ, ಜಿಪ್ ಮುರಿದದ್ದಕ್ಕೆ ಪರಿಹಾರ ಇಲ್ಲವೇ ಇಲ್ಲ ಎಂದು ಸಾರಾಸಗಟಾಗಿ ಹೇಳಬಾರದು ಎಂದು ಅಮೆರಿಕದ ಸಾರಿಗೆ ಇಲಾಖೆ 2015ರಲ್ಲಿ ಸಂಸ್ಥೆಗಳಿಗೆ ನೆನಪಿಸಿತ್ತು.

ನಂಬಿಕೆ 3: ‘ಫ್ರೆಜೈಲ್ ಸ್ಟಿಕ್ಕರ್ ಅಂಟಿಸಿದರೆ ಸಾಕು’

ಸ್ಟಿಕ್ಕರ್ ಬ್ಯಾಗ್ ಹೊರುವವರಿಗೆ ಒಂದು ಸೂಚನೆ ಮಾತ್ರ. ಅದರಿಂದ ಕಾನೂನಿನ ಹೊಣೆ ಹೆಚ್ಚುವುದಿಲ್ಲ. ಕೆಲವೊಮ್ಮೆ ಸ್ಟಿಕ್ಕರ್ ಜೊತೆಗೆ ‘ಹಾನಿಯಾದರೆ ಸಂಸ್ಥೆ ಹೊಣೆಯಲ್ಲ’ ಎಂದಿರುವ ಟ್ಯಾಗ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕುವ ಮುನ್ನ ಓದಿ. ಬ್ಯಾಗ್ ಚೆನ್ನಾಗಿಯೇ ಇದ್ದರೆ ‘ಮೊದಲೇ ಹಾಳಾಗಿದೆ’ ಎಂಬ ಜಾಗದಲ್ಲಿ ಗುರುತು ಬೀಳದಂತೆ ನೋಡಿಕೊಳ್ಳಿ.

ಪರಿಹಾರ ಎಷ್ಟು?

ಮಾಂಟ್ರಿಯಲ್ ಒಪ್ಪಂದದಲ್ಲಿ ಮೊತ್ತವನ್ನು ‘ವಿಶೇಷ ಹಣ ಪಡೆಯುವ ಹಕ್ಕು’ ಅಥವಾ ಎಸ್‌ಡಿಆರ್ ಎಂಬ ಲೆಕ್ಕದಲ್ಲಿ ಹೇಳಲಾಗುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿ ಡಾಲರ್, ಯೂರೋ, ಯುವಾನ್, ಯೆನ್ ಮತ್ತು ಪೌಂಡ್ ಸೇರಿಸಿ ಇದರ ಬೆಲೆ ನಿಗದಿ ಮಾಡುತ್ತದೆ. ಮೊದಲು ಒಬ್ಬ ಪ್ರಯಾಣಿಕರಿಗೆ 1,000 ಎಸ್‌ಡಿಆರ್ ಇದ್ದ ಮಿತಿ ಹಂತ ಹಂತವಾಗಿ ಏರಿ, 2024ರ ಡಿಸೆಂಬರ್ 28ರಿಂದ 1,519 ಆಗಿದೆ. ವಿನಿಮಯ ದರ ಬದಲಾಗುತ್ತಿದ್ದರೂ ರೂಪಾಯಿಯಲ್ಲಿ ಇದು ಒಂದೂವರೆ ಲಕ್ಷಕ್ಕಿಂತ ಹೆಚ್ಚು.

ಇದು ಗರಿಷ್ಠ ಮಿತಿ, ಎಲ್ಲರಿಗೂ ಸಿಗುವ ಮೊತ್ತವಲ್ಲ. ನಿಮ್ಮ ನಷ್ಟ ಎಷ್ಟೋ ಅಷ್ಟೇ ಸಿಗುತ್ತದೆ, ಅದನ್ನು ತೋರಿಸಬೇಕಾದವರು ನೀವು. ಮೂರು ವರ್ಷ ಬಳಸಿದ ಲ್ಯಾಪ್‌ಟಾಪ್‌ಗೆ ಹೊಸದರ ಬೆಲೆ ಸಿಗುವುದಿಲ್ಲ. ಮಿತಿಗಿಂತ ಹೆಚ್ಚು ಬೆಲೆಯ ವಸ್ತು ಇದ್ದರೆ ಬ್ಯಾಗ್ ಕೊಡುವಾಗಲೇ ಮೌಲ್ಯ ಘೋಷಿಸಿ, ಸಂಸ್ಥೆ ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟುವ ಅವಕಾಶವೂ ಒಪ್ಪಂದದಲ್ಲಿದೆ.

ದೇಶದೊಳಗಿನ ಪ್ರಯಾಣದಲ್ಲಿ ಚಿತ್ರ ಬದಲಾಗುತ್ತದೆ. ನಾಗರಿಕ ವಿಮಾನಯಾನ ಸಚಿವಾಲಯ 2019ರಲ್ಲಿ ಹೊರತಂದ ಪ್ರಯಾಣಿಕರ ಸನ್ನದಿನಲ್ಲಿ ದೇಶೀಯ ಪ್ರಯಾಣಕ್ಕೆ ಹೇಳಿರುವ ಗರಿಷ್ಠ ಮೊತ್ತ ಒಬ್ಬರಿಗೆ 20,000 ರೂಪಾಯಿ. ಕೆಲವು ಸಂಸ್ಥೆಗಳು ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕುವುದರಿಂದ ಕೈಗೆ ಬರುವುದು ಇನ್ನೂ ಕಡಿಮೆ. ಏಳು ಕಿಲೋ ತೂಗುವ ಬ್ಯಾಗ್‌ನಲ್ಲಿ ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ಇದ್ದರೆ ಈ ಲೆಕ್ಕ ಎಷ್ಟು ನಷ್ಟದ್ದು ಎಂದು ನೀವೇ ಊಹಿಸಬಹುದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಟಿಕೆಟ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ದುಬೈಗೆ ಒಂದೇ ಟಿಕೆಟ್‌ನಲ್ಲಿ ಹೋಗುತ್ತಿದ್ದೀರಿ ಎನ್ನೋಣ. ಆಗ ಹುಬ್ಬಳ್ಳಿ–ಬೆಂಗಳೂರು ಭಾಗವೂ ಅಂತರರಾಷ್ಟ್ರೀಯ ಪ್ರಯಾಣದ ಅಂಗವೇ, ಅದಕ್ಕೂ ದೊಡ್ಡ ಮಿತಿಯೇ ಅನ್ವಯ. ಸಂಬಂಧವಿಲ್ಲದ ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರೆ ಮೊದಲ ಭಾಗ ಸಾಮಾನ್ಯವಾಗಿ ದೇಶೀಯ ಪ್ರಯಾಣ ಎನಿಸಿಕೊಳ್ಳುತ್ತದೆ. ಸಣ್ಣ ಊರುಗಳಿಗೆ ಹಾರುವ ಎಟಿಆರ್‌ನಂಥ ಪುಟ್ಟ ವಿಮಾನಗಳಲ್ಲಿ ತಲೆಯ ಮೇಲಿನ ಜಾಗ ಕಡಿಮೆ, ಬ್ಯಾಗನ್ನು ಕೆಳಗೆ ಕಳಿಸುವ ಸಂದರ್ಭ ಹೆಚ್ಚು. ಆದ್ದರಿಂದ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಏಳು ದಿನಗಳ ಗಡುವು

ಮಾಂಟ್ರಿಯಲ್ ಒಪ್ಪಂದದ 31ನೇ ವಿಧಿಯ ಪ್ರಕಾರ ಚೆಕ್-ಇನ್ ಬ್ಯಾಗ್‌ಗೆ ಹಾನಿಯಾಗಿದ್ದರೆ ಗೊತ್ತಾದ ಕೂಡಲೇ, ತಡವೆಂದರೆ ಬ್ಯಾಗ್ ಕೈಸೇರಿದ ಏಳು ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು, ಕಾಲ್ ಸೆಂಟರ್‌ಗೆ ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ. ಗಡುವು ಮೀರಿದರೆ, ಸಂಸ್ಥೆ ವಂಚನೆ ಮಾಡಿದ್ದನ್ನು ಬಿಟ್ಟರೆ, ದಾವೆಯ ಹಕ್ಕೇ ಹೋಗುತ್ತದೆ.

ಇದು ಎಷ್ಟು ಬಿಗಿಯಾದ ನಿಯಮ ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಸಿದ್ಧ ಪ್ರಕರಣವಿದೆ. ಆಗ ಜಾರಿಯಲ್ಲಿದ್ದದ್ದು ಹಳೆಯ ವಾರ್ಸಾ ಒಪ್ಪಂದ, ಅದರಲ್ಲೂ ಇದೇ ಏಳು ದಿನಗಳ ಗಡುವಿತ್ತು. 1975ರಲ್ಲಿ ಇಟಲಿಯಿಂದ ಲೂಟನ್‌ಗೆ ಮೊನಾರ್ಕ್ ಏರ್‌ಲೈನ್ಸ್ ವಿಮಾನದಲ್ಲಿ ಬಂದ ಪ್ರಯಾಣಿಕರೊಬ್ಬರು ತಮ್ಮ ಸೂಟ್‌ಕೇಸ್ ಹರಿದಿದ್ದನ್ನು ಕಂಡು ನಿಲ್ದಾಣದಲ್ಲೇ ಬರೆಸಿದರು. ಮನೆಗೆ ಹೋಗಿ ತೆರೆದಾಗ ಒಳಗಿನ ಕೆಲವು ವಸ್ತುಗಳು ಇರಲಿಲ್ಲ. ಅದನ್ನು ಏಳು ದಿನಗಳೊಳಗೆ ಸಂಸ್ಥೆಗೆ ತಿಳಿಸಲಿಲ್ಲ. 1980ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಳಗಿನ ವಸ್ತುಗಳು ಕಾಣೆಯಾದದ್ದೂ ‘ಹಾನಿ’ಯೇ, ಅದಕ್ಕೂ ಗಡುವಿನೊಳಗೆ ದೂರು ಕೊಡಬೇಕಿತ್ತು ಎಂದು ಹೇಳಿತು. ಪೆಟ್ಟಿಗೆ ಹರಿದಿದೆ ಎಂದು ಬರೆಸಿದ್ದು ಒಳಗಿನ ವಸ್ತುಗಳ ಮಟ್ಟಿಗೆ ಸಾಕಾಗಲಿಲ್ಲ, ಪ್ರಯಾಣಿಕರು ಸೋತರು.

ಇದರಿಂದ ತಿಳಿಯುವುದಿಷ್ಟು: ಚಕ್ರ ಮುರಿದಿದೆ ಎಂದು ವರದಿ ಬರೆಸಿ, ಮನೆಗೆ ಹೋದ ಮೇಲೆ ಲ್ಯಾಪ್‌ಟಾಪ್ ಒಡೆದದ್ದು ಕಂಡರೆ ಅದಕ್ಕೆ ಪ್ರತ್ಯೇಕವಾಗಿ ಇಮೇಲ್ ಬರೆಯಿರಿ. ಮೊದಲ ವರದಿಯ ಸಂಖ್ಯೆಯನ್ನು ಅದರಲ್ಲಿ ನಮೂದಿಸಿ.

ದೇಶೀಯ ಪ್ರಯಾಣದಲ್ಲಿ ಸಂಸ್ಥೆಗಳ ಷರತ್ತುಗಳು ಬೇರೆ ಬೇರೆ. ನಿಲ್ದಾಣ ಬಿಡುವ ಮುನ್ನವೇ ಬರೆಸುವುದು ಎಲ್ಲ ಸಂದರ್ಭದಲ್ಲೂ ಸುರಕ್ಷಿತ.

ಗೇಟ್‌ನಲ್ಲಿ ಏನು ಮಾಡಬೇಕು?

• ಲ್ಯಾಪ್‌ಟಾಪ್, ಕ್ಯಾಮೆರಾ, ಔಷಧ, ಆಭರಣ, ಹಣ, ದಾಖಲೆ ಹೊರತೆಗೆಯಲು ಒಂದು ನಿಮಿಷ ಕೇಳಿ. ಒಳಗೊಂದು ಮಡಚಬಹುದಾದ ಬಟ್ಟೆ ಚೀಲ ಇಟ್ಟುಕೊಂಡಿದ್ದರೆ ಈ ಕೆಲಸ ಸುಲಭ.

• ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಹೊರತೆಗೆಯಲೇಬೇಕು. ಇವು ಬಿಸಿಯಾಗಿ ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಿ ಸಿಬ್ಬಂದಿ ನೋಡಿ ಆರಿಸಬಹುದು, ಸರಕು ಕೋಣೆಯಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದಲೇ ಇವುಗಳನ್ನು ಅಲ್ಲಿಗೆ ಕಳಿಸುವುದು ನಿಷಿದ್ಧ.

• ಬ್ಯಾಗ್ ಮತ್ತು ಒಳಗಿನ ವಸ್ತುಗಳ ಫೋಟೊ ತೆಗೆಯಿರಿ. ಟ್ಯಾಗ್ ಕಟ್ಟಿದ ಮೇಲೆ ಇನ್ನೊಂದು ಫೋಟೊ ಇರಲಿ.

• ಇಳಿದ ಮೇಲೆ ಬೆಲ್ಟ್ ಬಳಿಯೇ ಬ್ಯಾಗ್ ತೆರೆದು ನೋಡಿ. ಹಾನಿ ಕಂಡರೆ ಹೊರಗೆ ಹೋಗುವ ಮೊದಲೇ ಬ್ಯಾಗೇಜ್ ಕೌಂಟರ್‌ನಲ್ಲಿ ಪಿಐಆರ್ ಎಂಬ ವರದಿ ಬರೆಸಿ, ಪ್ರತಿ ಪಡೆಯಿರಿ.

• ವಸ್ತುವಿನ ಬಿಲ್ ಮತ್ತು ದುರಸ್ತಿ ಅಂಗಡಿಯ ಅಂದಾಜು ಪಟ್ಟಿಯನ್ನು ದೂರಿನ ಜೊತೆ ಲಗತ್ತಿಸಿ. ಪರಿಹಾರ ತೀರ್ಮಾನವಾಗುವವರೆಗೆ ಒಡೆದ ವಸ್ತುವನ್ನು ಎಸೆಯಬೇಡಿ.

ಎರಡು ಮೂರು ಸಂಸ್ಥೆಗಳ ವಿಮಾನ ಬದಲಿಸಿ ಬಂದಿದ್ದರೆ ‘ನಮ್ಮಲ್ಲಿ ಆಗಿಲ್ಲ, ಅವರನ್ನು ಕೇಳಿ’ ಎಂದು ಸಾಗಹಾಕುವುದುಂಟು. ಒಂದೇ ಟಿಕೆಟ್‌ನ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಮೊದಲ ಸಂಸ್ಥೆ, ಕೊನೆಯ ಸಂಸ್ಥೆ ಮತ್ತು ಹಾನಿಯಾದ ಭಾಗದ ಸಂಸ್ಥೆ ಮೂರೂ ಹೊಣೆ ಎಂದು 36ನೇ ವಿಧಿ ಹೇಳುತ್ತದೆ.

ಸಂಸ್ಥೆ ಒಪ್ಪದಿದ್ದರೆ?

ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಸೇವೆಗೆ ತೆತ್ತ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಮಾಂಟ್ರಿಯಲ್ ಒಪ್ಪಂದ ಮತ್ತು ಗ್ರಾಹಕ ಕಾಯ್ದೆ ಎರಡರಲ್ಲೂ ಇದಕ್ಕಿರುವ ಅವಧಿ ಎರಡು ವರ್ಷ. ಆದರೆ ಅಂತರರಾಷ್ಟ್ರೀಯ ಪ್ರಯಾಣದ ಹಾನಿಗೆ ಏಳು ದಿನಗಳ ಲಿಖಿತ ದೂರು ಇಲ್ಲದೆ ಈ ಎರಡು ವರ್ಷ ಪ್ರಯೋಜನಕ್ಕೆ ಬರುವುದಿಲ್ಲ.

ಕೊನೆಯದಾಗಿ

‘ಕ್ಯಾಬಿನ್ ಬ್ಯಾಗ್‌ಗೆ ಸಂಸ್ಥೆ ಹೊಣೆಯಲ್ಲ’ ಎಂಬ ಮಾತು ಅರ್ಧ ಸತ್ಯ. ಬ್ಯಾಗ್ ನಿಮ್ಮ ಬಳಿ ಇರುವವರೆಗೆ ಅದು ಬಹುಮಟ್ಟಿಗೆ ನಿಜ. ಸಂಸ್ಥೆಯೇ ಪಡೆದು ಕೆಳಗೆ ಹಾಕಿದ ಮೇಲೆ ನಿಜವಲ್ಲ. ಆದರೂ ದೇಶೀಯ ಪ್ರಯಾಣದಲ್ಲಿ ಸಿಗುವ ಪರಿಹಾರ ಒಂದು ಒಳ್ಳೆಯ ಲ್ಯಾಪ್‌ಟಾಪ್‌ನ ಬೆಲೆಗೆ ಸಾಲದು. ಆದ್ದರಿಂದ ಟ್ಯಾಗ್ ಕಟ್ಟುವ ಮುನ್ನ ಆ ಒಂದು ನಿಮಿಷ ಕೇಳಿ, ಒಡೆಯುವಂಥದ್ದನ್ನು ಹೊರತೆಗೆಯಿರಿ. ಅದಕ್ಕೂ ಮೀರಿ ಹಾನಿಯಾದರೆ ಅಂದೇ ಬರೆದು ಕೊಡಿ.